ಗಂಟು ಹಿಡಿಯುವುದೇಕೆ, ಜಾರುವುದೇಕೆ

ಮಂಠಾಳದ ಓದುಗರೊಬ್ಬರ ಪತ್ರ ನನ್ನ ಮೇಜಿನ ಮೇಲಿದೆ. ಬಿಡುವು ದೊರೆತಾಗಲೆಲ್ಲ ಮುಸ್ತಾಪುರದ ಬಳಿಯ ಚುಳಕಿನಾಲಾ ಜಲಾಶಯದ ದಂಡೆಗೆ ಹೋಗಿ ಗಾಳ ಹಾಕುವ ಹವ್ಯಾಸವುಳ್ಳ ಈ ಮಹನೀಯರು, ರೀಲಿನಲ್ಲಿದ್ದ ಹಳೆಯ ನೈಲಾನ್ ದಾರವನ್ನು ಬಿಚ್ಚಿ ಹಾಕಿ, ಅಂಗಡಿಯವನ ಮಾತನ್ನು ನಂಬಿ ಹೊಸ ಮಾದರಿಯ ಹೆಣೆದ ದಾರವನ್ನು ಸುತ್ತಿಸಿಕೊಂಡರಂತೆ. ಅದರ ತುದಿಗೆ ಎರಡು ಮೊಳ ಉದ್ದದ ದಪ್ಪ ನೈಲಾನ್ ಎಳೆಯನ್ನು ಲೀಡರ್ ಆಗಿ ಗಂಟಿಕ್ಕಿದರಂತೆ. ಅಂದಿನಿಂದ ಮೊದಲ್ಗೊಂಡು ದೊಡ್ಡ ಮೀನು ಕಚ್ಚಿದಾಗಲೆಲ್ಲ ಗಾಳ, ಲೀಡರ್, ಮೀನು ಮೂರೂ ನೀರಿನ ಪಾಲಾಗಿ ಬರಿಯ ದಾರ ಮಾತ್ರ ಕೈಗೆ ಬರುತ್ತಿದೆಯಂತೆ. "ಗಂಟಿನ ಮೇಲೆ ಗಂಟು ಹಾಕಿ ನೋಡಿದೆ, ನಡೆಯಲಿಲ್ಲ. ಕೋಲಿಗೆ ದೃಷ್ಟಿಯಾಗಿದೆ, ಅಮಾವಾಸ್ಯೆಯ ದಿನ ನಿಂಬೆಹಣ್ಣು ನಿವಾಳಿಸಿ ನೀರಿಗೆ ಬಿಡು ಎಂದು ನಮ್ಮ ಕಾಕಾ ಹೇಳುತ್ತಾರೆ. ತಾವೇನು ಹೇಳುತ್ತೀರಿ?" ಎಂಬುದು ಅವರ ಪ್ರಶ್ನೆ.

ನಿಂಬೆಹಣ್ಣನ್ನು ಪಾನಕಕ್ಕೆ ಬಳಸಿರಿ ಎಂಬುದು ನನ್ನ ಮೊದಲನೆಯ ಉತ್ತರ. ಬೀದರ್ ಸೀಮೆಯ ಬಿಸಿಲಿನಲ್ಲಿ ಅದಕ್ಕಿಂತ ಸಾರ್ಥಕವಾದ ವಿನಿಯೋಗ ಆ ಫಲಕ್ಕೆ ದೊರೆಯಲಾರದು. ಪತ್ರದ ಮೂಲೆಯಲ್ಲಿ ಅವರು ಅಷ್ಟೇನೂ ಮಹತ್ವ ಕೊಡದೆ ಬರೆದಿರುವ ಒಂದು ವಾಕ್ಯವು ದೃಷ್ಟಿದೋಷದ ವಾದವನ್ನು ತಾನಾಗಿಯೇ ತಳ್ಳಿಹಾಕುತ್ತದೆ: ಹಿಂದಕ್ಕೆ ಬಂದ ದಾರದ ತುದಿಯು ತಾವು ಕತ್ತರಿಯಿಂದ ಕತ್ತರಿಸಿದ್ದಂತೆಯೇ ಇದ್ದು, ಕೊನೆಯ ನಾಲ್ಕು ಬೆರಳಿನಷ್ಟು ಮಾತ್ರ ಡೊಂಕುಡೊಂಕಾಗಿತ್ತಂತೆ. ಹೆಣೆದ ದಾರವು ಹರಿದಿದ್ದರೆ ಅದರ ನೂರಾರು ಸೂಕ್ಷ್ಮತಂತುಗಳು ಒಂದೊಂದು ಒಂದೊಂದು ಕಡೆ ತುಂಡಾಗಿ ತುದಿಯು ಕುಂಚದಂತೆ ಬಿರಿದುಕೊಳ್ಳಬೇಕಾಗಿತ್ತು. ಆದುದರಿಂದ ಇಲ್ಲಿ ಯಾವುದೂ ಹರಿದಿಲ್ಲ. ದಾರವು ಗಂಟಿನೊಳಗಿಂದ ಸದ್ದಿಲ್ಲದೆ ಜಾರಿ ಹೊರಬಂದಿದೆ. ಹರಿಯುವುದು ಒಂದು ರೋಗ, ಜಾರುವುದು ಇನ್ನೊಂದು ರೋಗ, ಎರಡಕ್ಕೂ ಔಷಧ ಬೇರೆ ಎಂಬುದನ್ನು ತಿಳಿಯದೆಯೇ ಲೋಕದಲ್ಲಿ ಬಹುಮಂದಿ ಗಂಟು ಹಾಕುತ್ತಿದ್ದಾರೆ.

ಲೀಡರ್ ಎಂಬ ಈ ನಡುವಣ ತುಂಡಿನ ಉಪಯೋಗವನ್ನು ಗಾಳ ಹಿಡಿದವರಿಗೆ ವಿವರಿಸಬೇಕಾದುದಿಲ್ಲ. ಕಲ್ಲಿಗೆ ಉಜ್ಜಿದರೂ ಮೀನಿನ ಹಲ್ಲು ತಾಗಿದರೂ ತಾಳಿಕೊಳ್ಳಲೆಂದೂ, ಮೀನಿನ ಕಣ್ಣಿಗೆ ಕಡಿಮೆ ಕಾಣಿಸಲೆಂದೂ ಅದನ್ನು ಇಡುತ್ತಾರೆ. ಆದರೆ ನೈಲಾನಿಗೆ ಮುಂಚೆ ಲೀಡರ್ ಯಾವುದರಿಂದ ಆಗುತ್ತಿತ್ತು ಎಂಬುದನ್ನು ಹೇಳದೆ ಮುಂದುವರಿಯಲು ನನಗೆ ಮನಸ್ಸು ಬಾರದು. ಅದು ರೇಷ್ಮೆಹುಳುವಿನ ಹೊಟ್ಟೆಯಿಂದ ಬರುತ್ತಿತ್ತು. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಹುಳಿದ್ರಾವಣದಲ್ಲಿ ನೆನೆಹಾಕಿ, ಅದರ ರೇಷ್ಮೆಯ ಗ್ರಂಥಿಗಳನ್ನು ಹೊರತೆಗೆದು, ಎರಡು ಕೈಯಿಂದ ಹಿಡಿದು ಎಳೆದರೆ, ಒಂದೆರಡು ಗೇಣು ಉದ್ದದ, ಪಾರದರ್ಶಕವಾದ, ಗಟ್ಟಿಯಾದ ಎಳೆಯೊಂದು ದೊರೆಯುತ್ತಿತ್ತು. ಸ್ಪೇನ್ ದೇಶದ ಮುರ್ಸಿಯಾ ಪ್ರಾಂತವು ಈ ಉದ್ಯಮಕ್ಕೆ ಪ್ರಸಿದ್ಧವಾಗಿತ್ತು. ಎಳೆಯು ಗಿಡ್ಡವಾದುದರಿಂದ ಒಂದು ಲೀಡರಿಗೆ ಹಲವು ತುಂಡುಗಳನ್ನು ಒಂದರ ತುದಿಗೆ ಒಂದು ಜೋಡಿಸಲೇಬೇಕಾಗಿತ್ತು. ಒಣಗಿದಾಗ ಅದು ಪೆಡಸಾಗಿ ಮುರಿಯುತ್ತಿದ್ದುದರಿಂದ ನೀರಿನಲ್ಲಿ ನೆನೆಸಿಯೇ ಗಂಟಿಕ್ಕಬೇಕಾಗಿತ್ತು. ಇಂದಿಗೂ ಮೀನುಗಾರರು ಬಳಸುವ ಬ್ಲಡ್ ನಾಟ್ ಎಂಬ ಗಂಟು ಆ ಹುಳುವಿನ ಕಾಲದ ಆಸ್ತಿ. 1935ರಲ್ಲಿ ಡ್ಯುಪಾಂಟ್ ಸಂಸ್ಥೆಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕರಾದರ್ಸ್ ನೈಲಾನನ್ನು ಸೃಷ್ಟಿಸಿದ ಬಳಿಕ ಹುಳುವಿಗೆ ಈ ದುರ್ಮರಣ ತಪ್ಪಿತು, ಗಂಟು ಮಾತ್ರ ಉಳಿಯಿತು.

ಇನ್ನು ಗಂಟು ಹಿಡಿಯುವ ಬಗೆ. ಬಿಗಿಯಾಗಿ ಎಳೆದದ್ದರಿಂದ ಗಂಟು ನಿಲ್ಲುತ್ತದೆ ಎಂಬುದು ಸಾಮಾನ್ಯವಾದ ನಂಬಿಕೆ. ಬಿಗಿತ ಸಾಲದಿದ್ದರೆ ಮತ್ತೊಂದು ಗಂಟು, ಅದೂ ಸಾಲದಿದ್ದರೆ ಮಗದೊಂದು ಎಂಬುದು ಅದರಿಂದ ಹುಟ್ಟಿದ ಚಿಕಿತ್ಸೆ. ಆದರೆ ಹಿಡಿತದ ನಿಜವಾದ ಒಡೆಯನು ಸುತ್ತು. ಕಟ್ಟು ಕಿತ್ತುಕೊಂಡ ಹೋರಿಯನ್ನು ಹತ್ತು ಜನ ಹಗ್ಗ ಹಿಡಿದು ನಿಲ್ಲಿಸಲಾರದೆ ಒದ್ದಾಡುತ್ತಿರುವಾಗ, ಜಾಣನಾದ ಹುಡುಗನೊಬ್ಬನು ಅದೇ ಹಗ್ಗವನ್ನು ಬೇವಿನ ಮರದ ಬೊಡ್ಡೆಗೆ ಎರಡು ಸುತ್ತು ಸುತ್ತಿ ಒಂದೇ ಕೈಯಲ್ಲಿ ತುದಿಯನ್ನು ಹಿಡಿದು ನಿಂತುಬಿಡುವುದನ್ನು ನಮ್ಮ ಹಳ್ಳಿಗಳಲ್ಲಿ ಯಾರು ನೋಡಿಲ್ಲ? ಈ ಸಂಗತಿಯ ಗಣಿತವನ್ನು ಹದಿನೆಂಟನೆಯ ಶತಮಾನದಲ್ಲಿ ಲಿಯೋನ್ಹಾರ್ಡ್ ಆಯ್ಲರನು ಕೊಟ್ಟನು. ಅನಂತರ ಜರ್ಮನಿಯ ಎಂಜಿನಿಯರ್ ಐಟೆಲ್‌ವೈನನ ಹೆಸರೂ ಅದಕ್ಕೆ ಸೇರಿಕೊಂಡಿತು.

ಆ ಗಣಿತದಲ್ಲಿರುವ ಬೆರಗನ್ನು ಸಾವಧಾನವಾಗಿ ನೋಡತಕ್ಕದ್ದು. ಹಗ್ಗ ಮತ್ತು ಮರದ ನಡುವಣ ಘರ್ಷಣಾಂಕವನ್ನು 0.2 ಎಂದು ಇಟ್ಟುಕೊಳ್ಳೋಣ. ಒಂದು ಸುತ್ತು ಹಾಕಿದರೆ, ತುದಿ ಹಿಡಿದವನು ಒಂದು ಕಿಲೋ ಭಾರದಷ್ಟು ಎಳೆದು, ಆಚೆಯ ಕಡೆಯ ಮೂರೂವರೆ ಕಿಲೋ ಭಾರವನ್ನು ತಡೆಯಬಲ್ಲನು. ಎರಡು ಸುತ್ತು ಹಾಕಿದರೆ ಏಳು ಕಿಲೋ ಎಂದು ನಾವು ಊಹಿಸುತ್ತೇವೆ. ಆದರೆ ಅದು ಹನ್ನೆರಡು ಕಿಲೋ ಆಗುತ್ತದೆ. ಏಕೆಂದರೆ ಪ್ರತಿಯೊಂದು ಸುತ್ತೂ ಹಿಂದಿನ ಸುತ್ತಿನ ಫಲವನ್ನು ಮೂರೂವರೆಯಿಂದ ಗುಣಿಸುತ್ತದೆ, ಕೂಡುವುದಿಲ್ಲ. ಐದು ಸುತ್ತಿಗೆ ಇದು ಐನೂರನ್ನು ಮೀರುತ್ತದೆ. ಮರದ ಬೊಡ್ಡೆ ಸಣ್ಣದೋ ದೊಡ್ಡದೋ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಸುತ್ತಿದ ಕೋನ ಮತ್ತು ಘರ್ಷಣಾಂಕ, ಇವೆರಡರ ಗುಣಲಬ್ಧವೇ ಸರ್ವಸ್ವ. ಗಂಟಿನೊಳಗೆ ಸುತ್ತುಗಳು ಒಂದನ್ನೊಂದು ಅದುಮುವುದರಿಂದ ನಿಜಸ್ಥಿತಿಯು ಇದಕ್ಕಿಂತ ಜಟಿಲವಾದುದು. ಆದರೂ ಮೂಲತತ್ತ್ವ ಇದೇ.

ಈಗ ಘರ್ಷಣಾಂಕವನ್ನು ಅರ್ಧಕ್ಕೆ ಇಳಿಸಿ ನೋಡಿರಿ. ಐದು ಸುತ್ತಿನಿಂದ ಐನೂರು ಪಟ್ಟು ಹಿಡಿಯುತ್ತಿದ್ದುದು ಇಪ್ಪತ್ತಮೂರು ಪಟ್ಟಿಗೆ ಕುಸಿಯುತ್ತದೆ! ಹಳೆಯ ಹಿಡಿತ ಮರಳಿ ಬೇಕಾದರೆ ಸುತ್ತುಗಳು ಹತ್ತಾಗಬೇಕು. ನಮ್ಮ ಮಂಠಾಳದ ಮಿತ್ರರಿಗೆ ಆದದ್ದು ಇದೇ. ಅವರ ಹೊಸ ದಾರವು ರಾಸಾಯನಿಕವಾಗಿ ಅಂಗಡಿಯ ಕೈಚೀಲದ ದಾಯಾದಿಯಾದ ಪಾಲಿಎಥಿಲೀನ್; 1970ರ ದಶಕದ ಕೊನೆಯಲ್ಲಿ ಹಾಲೆಂಡಿನ ಡಿಎಸ್‌ಎಂ ಸಂಸ್ಥೆಯ ವಿಜ್ಞಾನಿಗಳು ಅದರ ಅತಿದೀರ್ಘವಾದ ಅಣುಸರಪಳಿಗಳನ್ನು ಒಂದೇ ದಿಕ್ಕಿಗೆ ಮಲಗಿಸಿ ಎಳೆಯುವ ಉಪಾಯವನ್ನು ಕಂಡುಹಿಡಿದ ಮೇಲೆ, ಸಮಭಾರದ ಉಕ್ಕನ್ನು ಹಲವು ಪಟ್ಟು ಮೀರಿಸುವ ತಂತು ಅದರಿಂದ ದೊರೆಯಿತು. ಶಕ್ತಿ ಬಂದಿತು, ಆದರೆ ಜಾರುಗುಣ ಹೋಗಲಿಲ್ಲ. ನೈಲಾನಿಗೆ ಒಪ್ಪುತ್ತಿದ್ದ ಸುತ್ತುಗಳ ಸಂಖ್ಯೆಯನ್ನೇ ಈ ನುಣುಪಿಗೂ ಇಟ್ಟರೆ ಅದು ಜಾರದೆ ಏನು ಮಾಡೀತು?

ಘರ್ಷಣೆಯ ಹಿಡಿತಕ್ಕೆ ಹಗ್ಗವೂ ಒಂದು ನಿದರ್ಶನ. ಮಂಠಾಳದಿಂದ ಬಹುದೂರವೇನೂ ಇರದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ನುಲಿಯ ಚಂದಯ್ಯನೆಂಬ ಶರಣನು ಕೆರೆಯ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದ ಹಣದಿಂದ ದಾಸೋಹ ನಡೆಸುತ್ತಿದ್ದನೆಂಬುದು ನಮ್ಮೆಲ್ಲರಿಗೂ ತಿಳಿದ ಕಥೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ನೀರಿಗೆ ಬಿದ್ದರೂ ಆತನು ಕಾಯಕವನ್ನು ನಿಲ್ಲಿಸಲಿಲ್ಲವೆಂದು ಪ್ರತೀತಿ. ಅಂಥವನು ನಿಂಬೆಹಣ್ಣಿಗೆ ಏನನ್ನುತ್ತಿದ್ದನೋ ಓದುಗರೇ ಊಹಿಸಿಕೊಳ್ಳಲಿ. ನನ್ನನ್ನು ಬೆರಗುಗೊಳಿಸುವುದು ಆತನ ಹಗ್ಗ. ಹುಲ್ಲಿನ ಒಂದೊಂದು ಎಳೆಯೂ ಮೊಳವೋ ಎರಡು ಮೊಳವೋ ಉದ್ದ; ಹಗ್ಗವೋ ಮಾರುಗಟ್ಟಲೆ. ನಡುವೆ ಅಂಟಿಲ್ಲ, ಹೊಲಿಗೆಯಿಲ್ಲ, ಗಂಟೂ ಇಲ್ಲ. ಎಳೆದಷ್ಟೂ ಹುರಿಯು ಎಳೆಗಳನ್ನು ಒಂದಕ್ಕೊಂದು ಅದುಮುತ್ತದೆ, ಅದುಮಿದಷ್ಟೂ ಘರ್ಷಣೆ ಹೆಚ್ಚುತ್ತದೆ. ಶತ್ರುವಿನ ಬಲವನ್ನೇ ತನ್ನ ಬಲವಾಗಿ ಮಾಡಿಕೊಳ್ಳುವ ಈ ಗುಣವೇ ಒಳ್ಳೆಯ ಗಂಟಿನ ಲಕ್ಷಣವೂ ಹೌದು.

ಜಾರುವ ರೋಗ ಇಷ್ಟಾಯಿತು. ಹರಿಯುವ ರೋಗದ ನಿದಾನವನ್ನು 2001ರಲ್ಲಿ ಪಿಯೋಟರ್ ಪಿಯೆರಾನ್‌ಸ್ಕಿ ಮತ್ತು ಅವರ ಸಂಗಡಿಗರು ಭೌತವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಗಾಳದ ದಾರದ ಜೊತೆಗೆ ಅವರು ಪರೀಕ್ಷೆಗೆ ಆರಿಸಿಕೊಂಡ ಇನ್ನೊಂದು ವಸ್ತು ಬೇಯಿಸಿದ ಸ್ಪ್ಯಾಗೆಟಿ, ಅಂದರೆ ಇಟಲಿಯವರ ಶಾವಿಗೆ! ಆ ತಂಡದಲ್ಲಿದ್ದ ಜಾಕ್ ದ್ಯುಬೋಷೆ ಅವರಿಗೆ ಮುಂದೆ 2017ರಲ್ಲಿ, ಬೇರೆಯೇ ಒಂದು ಸಾಧನೆಗಾಗಿ, ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ಶಾವಿಗೆಗೆ ಗಂಟು ಹಾಕಿ ಎಳೆಯುವುದನ್ನು ಹುಡುಗಾಟವೆಂದು ಬಗೆಯುವವರು ಇದನ್ನು ಗಮನಿಸಬೇಕು. ದಾರವು ಗಂಟಿನ ಮಧ್ಯದಲ್ಲಿ ತುಂಡಾಗದೆ, ಗಂಟನ್ನು ಪ್ರವೇಶಿಸುವ ಬಾಗಿಲಿನಲ್ಲಿ, ಒಮ್ಮೆಲೇ ತೀವ್ರವಾಗಿ ಬಾಗುವೆಡೆಯಲ್ಲಿ ತುಂಡಾಗುತ್ತದೆ ಎಂದು ಅವರು ತೋರಿಸಿದರು. ಬಾಗಿದಲ್ಲಿ ಹೊರಮೈಯ ತಂತುಗಳು ಹೆಚ್ಚಾಗಿ ಹಿಗ್ಗಿ, ಎಲ್ಲ ಹೊರೆಯನ್ನೂ ತಾವೇ ಹೊರಬೇಕಾಗುತ್ತದೆ. ಬರಿಯ ದಾರದ ಮಧ್ಯದಲ್ಲಿ ಅಕಸ್ಮಾತ್ತಾಗಿ ಬಿದ್ದ ಒಂದು ಸಾದಾ ಗಂಟು ಅದರ ಶಕ್ತಿಯನ್ನು ಸುಮಾರು ಅರ್ಧಕ್ಕೆ ಇಳಿಸಬಲ್ಲದು. ಗಂಟಿನ ಮೇಲೆ ಗಂಟು ಹಾಕಿದವರು ಇದನ್ನು ಓದಿ ನಿಟ್ಟುಸಿರು ಬಿಡಬಹುದು.

ಸುತ್ತುಗಳ ಸಂಖ್ಯೆಯ ಜೊತೆಗೆ ಅವುಗಳ ದಿಕ್ಕೂ ಮುಖ್ಯವೆಂಬುದಕ್ಕೆ 2020ರಲ್ಲಿ ಅಮೆರಿಕದ ಎಂಐಟಿಯ ವಿಶಾಲ್ ಪಾಟೀಲ್, ಯೋರ್ನ್ ಡುಂಕೆಲ್ ಮೊದಲಾದವರು ಮನೋಹರವಾದ ಸಾಕ್ಷ್ಯ ಒದಗಿಸಿದರು. ಎಳೆತಕ್ಕೆ ತಕ್ಕಂತೆ ಬಣ್ಣ ಬದಲಿಸುವ ಎಳೆಯೊಂದರಿಂದ ಗಂಟು ಹಾಕಿ, ಒಳಗಿನ ಹೊರೆ ಎಲ್ಲೆಲ್ಲಿ ಹಂಚಿಹೋಗಿದೆ ಎಂಬುದನ್ನು ಅವರು ಕಣ್ಣಾರೆ ಕಂಡರು. ಎಡದ ಎಳೆಯನ್ನು ಬಲದ ಮೇಲೆ ಹಾಯಿಸಿ, ಬಳಿಕ ಬಲಕ್ಕೆ ಬಂದುದನ್ನು ಎಡದ ಮೇಲೆ ಹಾಯಿಸಿದರೆ ತಿರುಚುಗಳು ಎದುರುಬದುರಾಗಿ ಒಂದನ್ನೊಂದು ತಡೆಯುತ್ತವೆ. ಎರಡು ಸಲವೂ ಒಂದೇ ರೀತಿ ಹಾಯಿಸಿದರೆ ಎರಡೂ ಒಂದೇ ಕಡೆಗೆ ಹೊರಳಿ ಬಿಚ್ಚಿಕೊಳ್ಳುತ್ತವೆ. ಅವಸರದಲ್ಲಿ ನಾವು ಹಾಕುವ ಜೋಡಿಗಂಟು ಬಹಳ ಮಟ್ಟಿಗೆ ಈ ಎರಡನೆಯ ಜಾತಿಯದು.

ಇನ್ನು ಆಯ್ಕೆಗೆ ಬರೋಣ. ನೈಲಾನಿಗೆ ನೈಲಾನನ್ನು, ಅದೂ ಹೆಚ್ಚುಕಡಿಮೆ ಒಂದೇ ದಪ್ಪದ್ದನ್ನು ಜೋಡಿಸುವುದಾದರೆ ಹುಳುವಿನ ಕಾಲದ ಬ್ಲಡ್ ನಾಟ್ ಇಂದಿಗೂ ಶ್ರೇಷ್ಠ. ಹೆಣೆದ ದಾರಕ್ಕೆ ನೈಲಾನ್ ಲೀಡರ್ ಆದರೆ ಜೋಡಿ ಯೂನಿಯನ್ನು ಕಲಿಯಿರಿ: ಎರಡೂ ತುದಿಗಳು ಒಂದನ್ನೊಂದು ಸುತ್ತಿ, ಎದುರುಬದುರಾಗಿ ಜಾರಿಬಂದು ಕೂಡಿಕೊಳ್ಳುವ ಗಂಟು ಇದು. ನೈಲಾನಿನ ಕಡೆ ನಾಲ್ಕೈದು ಸುತ್ತು ಸಾಕು. ಹೆಣೆದ ದಾರದ ಕಡೆ ಎಂಟಕ್ಕೆ ಕಡಿಮೆ ಬೇಡ. ಏಕೆ ಬೇಡವೆಂಬುದನ್ನು ಆಯ್ಲರನು ಆಗಲೇ ಹೇಳಿದ್ದಾನೆ. ಲೀಡರ್ ತೀರ ದಪ್ಪವಾದರೆ ಆಲ್‌ಬ್ರೈಟ್ ಗಂಟು ಅನುಕೂಲ. ಅಲ್ಲಿ ದಪ್ಪ ಎಳೆಯನ್ನು ಮಡಿಸಿ ಹಿಡಿದು, ತೆಳುದಾರವನ್ನು ಅದರ ಮೇಲೆ ಹತ್ತು ಹನ್ನೆರಡು ಸಲ ಸುತ್ತಿ, ಹೊಕ್ಕ ದಾರಿಯಿಂದಲೇ ಹೊರಕ್ಕೆ ತರುತ್ತಾರೆ.

ಇವೆಲ್ಲವನ್ನೂ ಮೀರಿಸಿ ನನ್ನ ಮನಸ್ಸನ್ನು ಸೆಳೆದದ್ದು ಎಫ್‌ಜಿ ಎಂಬ ಗಂಟು. ಇದರಲ್ಲಿ ಲೀಡರ್ ಎಲ್ಲಿಯೂ ಬಾಗುವುದೇ ಇಲ್ಲ! ಹೆಣೆದ ದಾರವನ್ನು ಬಿಗಿಯಾಗಿ ಹಿಡಿದು, ನೆಟ್ಟಗಿರುವ ಲೀಡರನ್ನು ಒಮ್ಮೆ ಮೇಲಿನಿಂದ ಒಮ್ಮೆ ಕೆಳಗಿನಿಂದ ಹಾಯಿಸುತ್ತ ಇಪ್ಪತ್ತು ಸಲದಷ್ಟು ನೇಯ್ದರೆ, ಅದರ ಸುತ್ತಲೂ ಜಾಳಿಗೆಯಂಥ ಕವಚವೊಂದು ಏರ್ಪಡುತ್ತದೆ. ಮೀನು ಎಳೆದಾಗ ಕವಚವು ನೀಳವಾಗಿ, ನೀಳವಾದಂತೆ ಕಿರಿದಾಗಿ, ಮೆದುವಾದ ನೈಲಾನಿನ ಮೈಯೊಳಕ್ಕೆ ಕಚ್ಚಿ ಕೂರುತ್ತದೆ. ಜಾರುವುದಕ್ಕೆ ಸುತ್ತುಗಳ ಉತ್ತರ, ಹರಿಯುವುದಕ್ಕೆ ಬಾಗದಿರುವುದರ ಉತ್ತರ, ಎರಡೂ ಒಂದೇ ಕಡೆ ದೊರೆತಂತಾಯಿತು. ತೆಳ್ಳಗಿರುವುದರಿಂದ ಕೋಲಿನ ಉಂಗುರಗಳಲ್ಲಿ ತಡೆಯಿಲ್ಲದೆ ನುಸುಳುವುದು ಹೆಚ್ಚಿನ ಲಾಭ. ಗಾಳಿ ಬೀಸುವ ದಂಡೆಯ ಮೇಲೆ ಇದನ್ನು ಕಟ್ಟುವುದು ಕಷ್ಟವಾದುದರಿಂದ ಮನೆಯಲ್ಲಿಯೇ ಕಟ್ಟಿಕೊಂಡು ಹೋಗಿರಿ. ದಂಡೆಯ ಮೇಲೆ ತುಂಡಾದರೆ ಯೂನಿ ಇದ್ದೇ ಇದೆ.

ಗಂಟನ್ನು ಎಳೆದು ಕೂರಿಸುವ ಮುನ್ನ ಎಂಜಲು ಹಚ್ಚುವ ಪದ್ಧತಿಯನ್ನು ನಾನು ಬಲ್ಲೆ. ಹಚ್ಚುವುದು ಸರಿ; ಒಣ ನೈಲಾನ್ ತನ್ನ ಮೇಲೆ ತಾನೇ ಉಜ್ಜಿ ಹುಟ್ಟುವ ಶಾಖವು ಎಳೆಯನ್ನು ಕೆಡಿಸುತ್ತದೆ, ತೇವವು ಅದನ್ನು ತಡೆಯುತ್ತದೆ. ಆದರೆ ಎಂಜಲಿನ ಜೊತೆಗೆ ಏನನ್ನೋ ಗೊಣಗಿದರೆ ಮೀನು ಬಂಧನಕ್ಕೊಳಗಾಗುತ್ತದೆ ಎಂಬುದು ಬರಿಯ ಭ್ರಾಂತಿ. ತೇವಗೊಳಿಸಲು ಜಲಾಶಯದ ನೀರಿಗೂ ಅಷ್ಟೇ ಗುಣವಿದೆ. ಕೂರಿಸುವಾಗ ಹೆಣೆದ ದಾರವನ್ನು ಬರಿಗೈಗೆ ಸುತ್ತಿಕೊಂಡು ಎಳೆಯಬೇಡಿರಿ, ಬೆರಳನ್ನು ಕೊಯ್ದೀತು. ಟವೆಲಿನ ಮಡಿಕೆಯೊಂದು ನಡುವೆ ಇರಲಿ.

ಉಳಿದ ತುದಿಯನ್ನು ಬೀಡಿಯ ಕೆಂಡಕ್ಕೆ ತಾಗಿಸಿ ಗುಂಡಾಗಿಸುವ ಅಭ್ಯಾಸವನ್ನು ಲೀಡರಿಗೆ ಮಾತ್ರ ಮೀಸಲಿಡತಕ್ಕದ್ದು. ನೈಲಾನ್ ಕರಗುವುದು 220 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ಪಾಲಿಎಥಿಲೀನ್ ತಂತು 150 ಡಿಗ್ರಿಯ ಹೊತ್ತಿಗೇ ಕರಗಿಹೋಗುವುದಲ್ಲದೆ, ಅದಕ್ಕೂ ಬಹಳ ಮೊದಲೇ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೆಣೆದ ದಾರದ ತುದಿಗೆ ಕತ್ತರಿ ಮಾತ್ರ ಸಾಕು, ಅದೂ ಗಂಟಿಗೆ ತೀರ ಒತ್ತಿ ಬೇಡ. ಕಡ್ಡಿಪೆಟ್ಟಿಗೆಯ ಕಡ್ಡಿಯ ದಪ್ಪದಷ್ಟು ಬಾಲ ಉಳಿದಿರಲಿ.