ಹೊರೆಯ ಹಂಚಿಕೆ

ವಿದ್ಯುತ್ತಿನಷ್ಟು ಕ್ಷಣಿಕವಾದ ಸರಕು ಲೋಕದಲ್ಲಿ ಬೇರೊಂದಿಲ್ಲ. ನಮ್ಮ ಸಾರಕ್ಕಿಯ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಬಂದಿಳಿದ ಸೊಪ್ಪು ಸಂಜೆಯವರೆಗಾದರೂ ತಾಳಿಕೊಂಡಿರುತ್ತದೆ. ಮಲ್ಲಿಗೆ ಮರುದಿನದವರೆಗೆ ಉಸಿರು ಹಿಡಿದಿರುತ್ತದೆ. ವಿದ್ಯುತ್ತಾದರೋ ಹುಟ್ಟಿದ ಕ್ಷಣದಲ್ಲಿಯೇ ವ್ಯಯವಾಗಬೇಕು. ಬ್ಯಾಟರಿಗಳಲ್ಲಿ ಕೂಡಿಡುವ ಪಾಲು ಇನ್ನೂ ಅಲ್ಪವೇ. ಸಂಜೆ ಅಂಗಡಿಸಾಲಿನಲ್ಲಿ ದೀಪಗಳು ಹತ್ತಿ, ಕನಕಪುರ ರಸ್ತೆಯ ಮೇಲುಹಾದಿಯಲ್ಲಿ ಮೆಟ್ರೋ ರೈಲು ಓಡುವಾಗ, ಅದಕ್ಕೆ ಸರಿದೂಗುವಷ್ಟು ಶಕ್ತಿಯನ್ನು ಎಲ್ಲಿಯೋ ಒಂದು ಯಂತ್ರ ಅದೇ ಗಳಿಗೆಯಲ್ಲಿ ಉತ್ಪಾದಿಸುತ್ತಿರಬೇಕು. ಬೇಡಿಕೆ ಪೂರೈಕೆಗಳಲ್ಲಿ ಹೊಂದಿಕೆ ತಪ್ಪಿತೋ, ಸೆಕೆಂಡಿಗೆ 50 ಆವರ್ತನಗಳ ಲಯವೂ ತಪ್ಪುತ್ತದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ ಯಾವ ಕೇಂದ್ರ ದುಡಿಯಬೇಕೆಂಬ ಪ್ರಶ್ನೆಯೇ ಇರಲಿಲ್ಲ, ಇದ್ದದ್ದು ಒಂದೇ. ಇಂದು ಹಾಗಲ್ಲ. ಶರಾವತಿಯ 1,035 ಮೆಗಾವಾಟ್, ರಾಯಚೂರಿನ 1,720, ಬಳ್ಳಾರಿಯ 1,700, ಕೈಗಾದ 880, ಪಾವಗಡದ ಬಿಸಿಲಿನ 2,050—ಹೀಗೆ ಸಾಮರ್ಥ್ಯ ಬೇರೆ, ಸ್ವಭಾವ ಬೇರೆ, ಖರ್ಚೂ ಬೇರೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಹೊರೆ ಹೊರಿಸಬೇಕೆಂಬ ನಿರ್ಣಯ ಬೆಂಗಳೂರಿನ ಲೋಡ್ ಡಿಸ್‌ಪ್ಯಾಚ್ ಕೇಂದ್ರಗಳಲ್ಲಿ ನಡೆಯುತ್ತದೆ. ಅವರ ದಿನಕ್ಕೆ ಇಪ್ಪತ್ತನಾಲ್ಕು ಗಂಟೆಗಳಲ್ಲ, ತೊಂಬತ್ತಾರು ತುಂಡುಗಳು, ಹದಿನೈದು ನಿಮಿಷಕ್ಕೊಂದರಂತೆ.

ನಾನು ಕನ್ನಡ ಪಾಠ ಹೇಳುವವನು. ಆದರೂ ಈ ಲೆಕ್ಕದ ಮರ್ಮವನ್ನು ತಿಳಿಯಲು ಎಂಜಿನಿಯರನೇ ಆಗಬೇಕೆಂದಿಲ್ಲ. ಎರಡು ಯಂತ್ರಗಳನ್ನು ಊಹಿಸಿಕೊಳ್ಳಿ. ಮೊದಲನೆಯದರಲ್ಲಿ ಮುಂದಿನ ಒಂದು ಯೂನಿಟ್ಟಿಗೆ ತಗಲುವ ವೆಚ್ಚ ಎರಡು ರೂಪಾಯಿಯಿಂದ ಆರಂಭವಾಗಿ, ಮೆಗಾವಾಟಿಗೆ ಅರ್ಧ ಪೈಸೆಯಂತೆ ಏರುತ್ತದೆ. ಎರಡನೆಯದರಲ್ಲಿ ಮೂರು ರೂಪಾಯಿಯಿಂದ ಆರಂಭವಾಗಿ ಕಾಲು ಪೈಸೆಯಂತೆ ಏರುತ್ತದೆ. ಬೇಕಾದದ್ದು 500 ಮೆಗಾವಾಟ್. ಅಣ್ಣತಮ್ಮಂದಿರ ನ್ಯಾಯದಂತೆ ಸರಿಪಾಲು ಮಾಡಿದರೆ ಮೊದಲನೆಯದರ ಮುಂದಿನ ಯೂನಿಟ್ಟು 3.25 ರೂಪಾಯಿ, ಎರಡನೆಯದರದು ಮೂರು ರೂಪಾಯಿ ಅರವತ್ತೆರಡೂವರೆ ಪೈಸೆ. ಅಗ್ಗವಾದ ಕಡೆಗೆ ಹೊರೆಯನ್ನು ಸ್ವಲ್ಪಸ್ವಲ್ಪವಾಗಿ ಸರಿಸುತ್ತ ಹೋದರೆ 300 ಮತ್ತು 200 ಮೆಗಾವಾಟುಗಳಲ್ಲಿ ಎರಡೂ 3.50 ರೂಪಾಯಿಗೆ ಬಂದು ನಿಲ್ಲುತ್ತವೆ. ಅಲ್ಲಿಂದ ಮುಂದೆ ಸರಿಸಿದರೆ ನಷ್ಟ. ಇಷ್ಟರಿಂದ ಉಳಿಯುವುದು ಗಂಟೆಗೆ 9,375 ರೂಪಾಯಿ. ವರ್ಷವಿಡೀ ಹೀಗೆಯೇ ನಡೆದರೆ ಎಂಟು ಕೋಟಿಗೂ ಮಿಕ್ಕಿ! ಸರಾಸರಿ ವೆಚ್ಚವನ್ನು ನೋಡಬೇಡಿ, ಮುಂದಿನ ಹೆಜ್ಜೆಯ ವೆಚ್ಚವನ್ನು ಸಮಗೊಳಿಸಿ ಎಂಬುದೇ ಇದರ ಸಾರ. ಹದಿನೆಂಟನೆಯ ಶತಮಾನದ ಗಣಿತಜ್ಞ ಲಗ್ರಾಂಜನು ತೋರಿಸಿದ ಮಾರ್ಗವೇ ಇದಕ್ಕೆ ಆಧಾರ.

ಎರಡು ಯಂತ್ರಗಳಾದರೆ ಕಾಗದ ಪೆನ್ಸಿಲು ಸಾಕು. ನೂರಾರು ಯಂತ್ರಗಳಾದರೆ ಕಂಪ್ಯೂಟರಿನ ತಂತ್ರಾಂಶವೇ ಬೇಕು. ಕಲ್ಲಿದ್ದಲ ಘಟಕವನ್ನು ಒಂದು ಮಟ್ಟಕ್ಕಿಂತ ಕೆಳಗಿಳಿಸುವಂತಿಲ್ಲ. ಅದು ತಣ್ಣಗಾದರೆ ಮತ್ತೆ ಕಾಯಲು ಗಂಟೆಗಳೇ ಬೇಕು. ತಂತಿಗಳಿಗೂ ತಾಳಿಕೆಯ ಮಿತಿಯುಂಟು. ಈ ಕಟ್ಟಳೆಗಳನ್ನೆಲ್ಲ ಮೀರದೆ ಕನಿಷ್ಠ ವೆಚ್ಚವನ್ನು ಅದು ಹುಡುಕುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜಾಲದೊಡನೆ ಒಂದೇ ಲಯಕ್ಕೆ ಸೇರಿತು. 2019ರ ಏಪ್ರಿಲ್ 1ರಿಂದ, ಹಲವು ರಾಜ್ಯಗಳಿಗೆ ಹಂಚುವ ಉಷ್ಣಸ್ಥಾವರಗಳನ್ನು ಇಡೀ ದೇಶಕ್ಕೆ ಒಂದೇ ಲೆಕ್ಕದಲ್ಲಿ ತೂಗುವ ಪ್ರಯೋಗವೂ ಆರಂಭವಾಯಿತು.

ಲೆಕ್ಕ ಜಟಿಲವಾಗುವುದು ನೀರಿನ ಮಾತು ಬಂದಾಗ. ಲಿಂಗನಮಕ್ಕಿಯ ನೀರಿಗೆ ಯಾರೂ ಕಲ್ಲಿದ್ದಲಿಗೆ ಕೊಟ್ಟಂತೆ ದುಡ್ಡು ಕೊಡುವುದಿಲ್ಲ. ಹಾಗೆಂದು ಅದರ ಬೆಲೆ ಸೊನ್ನೆಯೆಂದು ಬರೆದುಕೊಟ್ಟರೆ ಯಂತ್ರವು ಮೊದಲು ಅದನ್ನೇ ಹರಿಸಿ ಮುಗಿಸುತ್ತದೆ. ಬೇಸಗೆಗೆ ಬರಿದಾದ ಜಲಾಶಯ ಉಳಿಯುತ್ತದೆ. ಆದುದರಿಂದ, ಇಂದು ಉಳಿಸಿದ ನೀರು ಮಾರ್ಚ್ ಏಪ್ರಿಲ್‌ಗಳಲ್ಲಿ ಎಷ್ಟು ದುಬಾರಿಯ ವಿದ್ಯುತ್ತನ್ನು ತಪ್ಪಿಸೀತೋ ಅದೇ ಇಂದಿನ ನೀರಿನ ಬೆಲೆಯೆಂದು ಎಣಿಸಬೇಕಾಗುತ್ತದೆ. ಅಂದರೆ ಬರಲಿರುವ ಮಳೆಯನ್ನೇ ಊಹಿಸಬೇಕು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆನಿಸಿದುವು. ಜಲಾಶಯಗಳು ತುಂಬಲಿಲ್ಲ, ಒಣಗುವ ಬೆಳೆಗಾಗಿ ಪಂಪ್‌ಸೆಟ್ಟುಗಳ ಬೇಡಿಕೆ ಮಾತ್ರ ಏರಿತು. ರಾಜ್ಯದೊಳಗಿನ ಖಾಸಗಿ ಉತ್ಪಾದಕರು ಇಲ್ಲಿಗೇ ವಿದ್ಯುತ್ತು ಕೊಡಬೇಕೆಂದು ಸರ್ಕಾರ ಅಕ್ಟೋಬರಿನಲ್ಲಿ ಆಜ್ಞೆ ಮಾಡಬೇಕಾಯಿತು. ಯೂನಿಟ್ಟಿನ ಪೈಸೆಯ ಲೆಕ್ಕ ರೈತನ ಹೊಲದ ಪೈರಿನ ಲೆಕ್ಕವೂ ಹೌದೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಇನ್ನೊಂದು ಮಾತು. ಈ ತಂತ್ರಾಂಶ ಬಹು ಪ್ರಾಮಾಣಿಕವಾದ ಕಾರಕೂನ. ಖಾತೆಯಲ್ಲಿ ಬರೆದುದನ್ನು ಒಂದು ಕಾಸೂ ತಪ್ಪದಂತೆ ಕೂಡುತ್ತದೆ, ಬರೆಯದಿದ್ದುದನ್ನು ಕೇಳುವುದಿಲ್ಲ. ಕಟ್ಟಡಕ್ಕೂ ಯಂತ್ರಕ್ಕೂ ಹಾಕಿದ ಬಂಡವಾಳ ಅದರ ಎಣಿಕೆಗೆ ಬರುವುದಿಲ್ಲ, ಏಕೆಂದರೆ ಯಂತ್ರ ನಿಂತರೂ ಆ ಋಣ ತೀರಲೇಬೇಕು. ಇದು ಯುಕ್ತವೇ. ಆದರೆ ರಾಯಚೂರಿನ ಹಾರುಬೂದಿಯನ್ನು ಉಸಿರಾಡುವವರ ಎದೆಯ ಲೆಕ್ಕ? 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಮನೆ ತೋಟಗಳನ್ನು ಬಿಟ್ಟುಕೊಟ್ಟು, ಸಿಕ್ಕ ನೆಲದ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದವರ ಲೆಕ್ಕ? ಅವರ ತ್ಯಾಗದಿಂದಲೇ ನಮ್ಮ ಬೀದಿಯ ದೀಪ ಅಗ್ಗವಾಯಿತು; ಅದು ಯಾವ ಕಲಮಿನಲ್ಲಿಯೂ ಬೀಳಲಿಲ್ಲ.

ಇದಕ್ಕೆ ಯಂತ್ರವನ್ನು ದೂರುವುದು ಅನ್ಯಾಯ. ಯಾವುದನ್ನು ವೆಚ್ಚವೆಂದು ಎಣಿಸಬೇಕೆಂದು ಹೇಳಿಕೊಡುವವರು ಮನುಷ್ಯರು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದರ ಪರಿಷ್ಕರಣೆಗೆ ಮುನ್ನ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸುತ್ತದೆ, ಬಹಿರಂಗ ವಿಚಾರಣೆಯನ್ನೂ ನಡೆಸುತ್ತದೆ. ಅಲ್ಲಿಗೆ ಬಿಲ್ಲಿನ ಮೊತ್ತ ಹಿಡಿದು ಹೋಗುವುದು ನ್ಯಾಯವೇ. ಜೊತೆಗೆ, ಈ ವರ್ಷ ನೀರಿಗೆ ಯಾವ ಬೆಲೆ ಕಟ್ಟಿದಿರಿ, ಬೂದಿಯ ವೆಚ್ಚ ಯಾರ ತಲೆಗೆ ಹಾಕಿದಿರಿ ಎಂಬ ಎರಡು ಪ್ರಶ್ನೆಗಳನ್ನು ಒಬ್ಬಿಬ್ಬರಾದರೂ ಕನ್ನಡದಲ್ಲಿ ಕೇಳಿದರೆ, ಆ ಖಾತೆಯಲ್ಲಿ ಹೊಸದೊಂದು ಕಲಮು ತೆರೆದೀತೆಂದು ನನ್ನ ನಂಬಿಕೆ.