ನರ್ಸಿಂಗ್ ಶಿಕ್ಷಣದ ಅನುಕರಣ ತರಬೇತಿ: ನಮ್ಮ ಸೂಕ್ಷ್ಮ ಬೋಧನೆಗೆ ಎರಡು ಪಾಠಗಳು

ನಿಜ ಸನ್ನಿವೇಶವನ್ನು ಹೋಲುವ, ಆದರೆ ತಪ್ಪಿದರೆ ಯಾರಿಗೂ ಹಾನಿಯಾಗದ ಸನ್ನಿವೇಶದಲ್ಲಿ ಅಭ್ಯಾಸ ಮಾಡಿಸುವುದೇ ಅನುಕರಣ ತರಬೇತಿ. ಸಹಪಾಠಿಗಳನ್ನೇ ವಿದ್ಯಾರ್ಥಿಗಳೆಂದು ಕೂರಿಸಿಕೊಂಡು ನಾವು ಮಾಡುವ ಸೂಕ್ಷ್ಮ ಬೋಧನೆಯೂ ಇದೇ ಬಗೆಯದು. ಸೂಕ್ಷ್ಮ ಬೋಧನೆ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು 1963ರಲ್ಲಿ. ಅದೇ ದೇಶದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ‘ಮಿಸೆಸ್ ಚೇಸ್’ ಎಂಬ ಆಳೆತ್ತರದ ಗೊಂಬೆ ಬಂದದ್ದು 1911ರಲ್ಲಿ. ಅಂದರೆ ಈ ದಾರಿಯಲ್ಲಿ ನರ್ಸಿಂಗ್ ಶಿಕ್ಷಣ ನಮಗಿಂತ ಐವತ್ತು ವರ್ಷ ಹಿರಿದು. ಅವರಿಂದ ನಾವು ಪಡೆಯಬಹುದಾದದ್ದೇನು ಎಂಬುದನ್ನು ಇಲ್ಲಿ ನೋಡೋಣ.

ನರ್ಸಿಂಗ್ ಕಾಲೇಜುಗಳಲ್ಲಿ ಮೂರು ಬಗೆಯ ಅನುಕರಣ ಕಾಣುತ್ತದೆ. ಚುಚ್ಚುಮದ್ದು ಕೊಡಲು ಕಲಿಯುವ ಕೃತಕ ತೋಳಿನಂಥ ಬಿಡಿ ಮಾದರಿಗಳು. ನಾಡಿ, ಉಸಿರು ತೋರಿಸುವ ಪೂರ್ಣ ಗೊಂಬೆಗಳು. ರೋಗಿಯ ಪಾತ್ರ ವಹಿಸಲು ತರಬೇತಾದ ವ್ಯಕ್ತಿಗಳು. ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವೂ ಅನುಕರಣ ಕಲಿಕೆಗೆ ಜಾಗ ಕೊಟ್ಟಿದೆ.

ಇದರ ಫಲಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ನೆರವಾಗುವುದನ್ನು ಕಲಿಸಲು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2010ರಲ್ಲಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ತರಬೇತಿ ಆರಂಭಿಸಿತು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ನೀರು ತುಂಬಿದರೆ ಹಸುಗೂಸಿನಂತೆ ಭಾರವಾಗುವ ಒಂದು ಗೊಂಬೆ, ಗಾಳಿಚೀಲ, ಮಾಸ್ಕ್ ಇದ್ದರೆ ಸಾಕು. ಮಾಸ್ಕನ್ನು ಸರಿಯಾಗಿ ಹಿಡಿದರೆ ಮಾತ್ರ ಗೊಂಬೆಯ ಎದೆ ಏರುತ್ತದೆ. ಪಕ್ಕದಿಂದ ಗಾಳಿ ಸೋರಿದರೆ ಏರುವುದಿಲ್ಲ. ಮಗುವನ್ನು ಒರೆಸಿ, ಬೆನ್ನು ಉಜ್ಜಿ, ಆಗಲೂ ಉಸಿರು ಬಾರದಿದ್ದರೆ ಗಾಳಿ ಕೊಡಲು ತೊಡಗುವುದು, ಎಲ್ಲವೂ ಒಂದು ನಿಮಿಷದೊಳಗೆ ಆಗಬೇಕು.

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಆಸ್ಪತ್ರೆಗಳಲ್ಲೂ ಹೆರಿಗೆ ಮಾಡಿಸುವ 599 ಮಂದಿಗೆ ಈ ತರಬೇತಿ ಕೊಟ್ಟಿತು. 2013ರಲ್ಲಿ ಪ್ರಕಟವಾದ ಅಧ್ಯಯನದಂತೆ, ನಿರ್ಜೀವ ಜನನದ ಪ್ರಮಾಣ ಶೇ. 3.0ರಿಂದ ಶೇ. 2.3ಕ್ಕೆ ಇಳಿಯಿತು. ಅಂದರೆ ಸಾವಿರ ಹೆರಿಗೆಗೆ ಏಳು ಕಡಿಮೆ. ಆದರೆ ನವಜಾತ ಶಿಶು ಮರಣ ಇಳಿಯಲಿಲ್ಲ. ಅಭ್ಯಾಸ ನಡೆದದ್ದು ಹುಟ್ಟಿನ ಮೊದಲ ನಿಮಿಷಕ್ಕೆ. ಫಲ ಕಂಡದ್ದೂ ಆ ಗಳಿಗೆಯಲ್ಲೇ. ಮುಂದಿನ ದಿನಗಳ ಸೋಂಕಿಗೆ, ಕಡಿಮೆ ತೂಕಕ್ಕೆ ಬೇರೆಯೇ ಸಿದ್ಧತೆ ಬೇಕು. ಯಾವ ಗಳಿಗೆಯನ್ನು ಅಭ್ಯಾಸ ಮಾಡುತ್ತೇವೋ ಆ ಗಳಿಗೆಗಷ್ಟೇ ಕೈ ಪಳಗುತ್ತದೆ.

ಹಾಗಾದರೆ ನಾವು ಯಾವ ಗಳಿಗೆಯನ್ನು ಅಭ್ಯಾಸ ಮಾಡುತ್ತಿದ್ದೇವೆ? ಸೂಕ್ಷ್ಮ ಬೋಧನೆಯಲ್ಲಿ ಕೂತ ಸಹಪಾಠಿಗಳಿಗೆ ಉತ್ತರ ಮೊದಲೇ ಗೊತ್ತು. ಕೇಳಿದ ಕೂಡಲೇ ಕೈ ಎತ್ತುತ್ತಾರೆ. ಇದು ರೋಗವೇ ಇಲ್ಲದ ರೋಗಿಗೆ ಶುಶ್ರೂಷೆ ಮಾಡಿದಂತೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಶಾಲೆಗಳಲ್ಲಿ ನಮಗೆ ಎದುರಾಗುವವರು ಇಂಥ ಮಕ್ಕಳಲ್ಲ.

ಆದ್ದರಿಂದ ಮೊದಲ ಪಾಠ: ವಿದ್ಯಾರ್ಥಿಯ ಪಾತ್ರವನ್ನೂ ಸಿದ್ಧಪಡಿಸಬೇಕು. ಪಾಠಕ್ಕೆ ಮುನ್ನ ಮೂವರಿಗೆ ಒಂದೊಂದು ಚೀಟಿ ಕೊಡಬಹುದು. ‘ಪಾವಗಡದ ಸೋಲಾರ್ ಪಾರ್ಕ್ ನೋಡಿದ್ದೀಯ, ಫಲಕಗಳು ಬಿಸಿಲಿನ ಶಾಖದಿಂದ ವಿದ್ಯುತ್ ಮಾಡುತ್ತವೆ ಎಂದೇ ನಂಬಿದ್ದೀಯ.’ ‘ಉತ್ತರ ಗೊತ್ತು, ಎದ್ದು ಹೇಳಲು ಅಂಜಿಕೆ.’ ‘ಹಿಂದಿನ ಎರಡು ತರಗತಿಗೆ ಬಂದಿಲ್ಲ.’ ಚೀಟಿಯಲ್ಲಿರುವುದು ಬೋಧಿಸುವವರಿಗೆ ತಿಳಿದಿರಬಾರದು. ಫಲಕಕ್ಕೆ ಬೇಕಾದದ್ದು ಬೆಳಕು, ಅತಿಯಾದ ಶಾಖದಲ್ಲಿ ಅದರ ದಕ್ಷತೆ ಕುಗ್ಗುತ್ತದೆ ಎಂದು ಆ ಹುಡುಗನಿಗೆ ಮನವರಿಕೆ ಮಾಡಿಕೊಡುವುದೇ ಆಗ ನಿಜವಾದ ವಿವರಣಾ ಕೌಶಲ.

ಎರಡನೆಯ ಪಾಠ ಕೊನೆಯ ಚರ್ಚೆಯದು. ನರ್ಸಿಂಗ್ ಅನುಕರಣಕ್ಕೆ ಮೂರು ಹಂತ. ಮೊದಲು ಗುರಿಯನ್ನೂ ಸಲಕರಣೆಗಳನ್ನೂ ಪರಿಚಯಿಸುತ್ತಾರೆ. ಬಳಿಕ ಸನ್ನಿವೇಶ ನಡೆಯುತ್ತದೆ. ಕೊನೆಗೆ ಎಲ್ಲರೂ ಕೂತು ಪರಾಮರ್ಶೆ ಮಾಡುತ್ತಾರೆ: ಏನು ಗಮನಿಸಿದಿರಿ, ಹಾಗೇಕೆ ಮಾಡಿದಿರಿ, ಮುಂದಿನ ಸಲ ಏನು ಬದಲಿಸುತ್ತೀರಿ? ಸನ್ನಿವೇಶಕ್ಕಿಂತ ಪರಾಮರ್ಶೆಯೇ ಹೆಚ್ಚು ಹೊತ್ತು ಹಿಡಿಯುವುದುಂಟು.

ನಮ್ಮ ಎನ್‌ಸಿಇಆರ್‌ಟಿ ಮಾದರಿಯ ಚಕ್ರವೂ ಇದನ್ನೇ ಹೇಳುತ್ತದೆ. 36 ನಿಮಿಷಗಳಲ್ಲಿ ಬೋಧನೆಗೆ 6, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರು ಹಿಮ್ಮಾಹಿತಿಗೆ 6. ಎರಡು ಬೋಧನೆಗೂ ಸೇರಿ 12 ನಿಮಿಷವಾದರೆ, ಯೋಚನೆಗೆ 24. ವೇಳೆ ಸಾಲದಾಗ ಕತ್ತರಿ ಬೀಳುವುದು ಮಾತ್ರ ಈ 24 ನಿಮಿಷಕ್ಕೇ. ‘ಚೆನ್ನಾಗಿತ್ತು, ಧ್ವನಿ ಇನ್ನಷ್ಟು ಏರಬೇಕು’ ಎಂದು ಬರೆದು ಮುಂದಿನವರನ್ನು ಕರೆಯುವುದು ಹಿಮ್ಮಾಹಿತಿಯಾಗದು. ವೀಕ್ಷಣಾ ಹಾಳೆಯಲ್ಲಿ ಮೇಲಿನ ಮೂರು ಪ್ರಶ್ನೆ ಸೇರಿಸಿ, ಮೊದಲ ಉತ್ತರವನ್ನು ಬೋಧಿಸಿದವರಿಂದಲೇ ಹೇಳಿಸಬೇಕು.

ಹತ್ತು ಮಂದಿಯ ಪಾಠವನ್ನು ಒಂದೇ ದಿನ ಮುಗಿಸುವ ಬದಲು ಐವರದನ್ನು ಪೂರ್ಣ ಚಕ್ರದಲ್ಲಿ ನಡೆಸಿದರೆ ದಾಖಲೆ ಪುಸ್ತಕ ತುಂಬಲು ತಡವಾದೀತು. ಆದರೆ ತಿಳಿಯಲಿಲ್ಲ ಎಂದು ಹೇಳಲೂ ಅಂಜುವ ಮಗುವಿನ ಮುಂದೆ ನಿಲ್ಲುವಾಗ ಕೈಹಿಡಿಯುವುದು ಆ ಅಭ್ಯಾಸವೇ.