ಮನೆ ಕಂಪ್ಯೂಟರಿಗೆ ಒಬ್ಬ ಕಾವಲುಗಾರ, ಒಬ್ಬ ತಪಾಸಣೆಗಾರ



‘ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು’ ಎಂಬ ಗಾದೆ ನಿಮಗೆಲ್ಲ ಗೊತ್ತು. ಪರೀಕ್ಷೆಯಲ್ಲಿ ಈ ಗಾದೆಯನ್ನು ವಿಸ್ತರಿಸಿ ಬರೆದು ನಾನು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಆದರೆ ಅದರ ಅರ್ಥ ನಿಜವಾಗಿ ತಿಳಿದದ್ದು ಕಳೆದ ಬೇಸಿಗೆ ರಜೆಯಲ್ಲಿ.

ನಮ್ಮಮ್ಮ ಊರಿನ ಮಹಿಳೆಯರ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಾರೆ. ಹದಿನಾರು ಜನರ ವಾರದ ಉಳಿತಾಯ, ಸಾಲ, ಬಡ್ಡಿ ಎಲ್ಲವೂ ಒಂದು ನೋಟ್‌ಬುಕ್ಕಿನಲ್ಲಿರುತ್ತಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮಣ್ಣ ಮನೆಗೊಂದು ಹಳೇ ಕಂಪ್ಯೂಟರ್ ತಂದುಕೊಟ್ಟ. ಆಗ ನಾನೇ ಹಟ ಹಿಡಿದು, “ಅಮ್ಮಾ, ಇನ್ಮೇಲೆ ನೋಟ್‌ಬುಕ್ ಬೇಡ, ನಾನು ಟೈಪ್ ಮಾಡ್ಕೊಡ್ತೀನಿ” ಎಂದೆ. ಹತ್ತು ತಿಂಗಳ ಲೆಕ್ಕ ಹಾಗೇ ನಡೆಯಿತು. ತಮ್ಮ ಆಟವಾಡುತ್ತಾ ಅಳಿಸಿಬಿಟ್ಟಾನು ಎಂದು ಆ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡದೆ ಪೆನ್‌ಡ್ರೈವಿನಲ್ಲಿ ಮಾತ್ರ ಇಟ್ಟಿದ್ದೆ. ಇದು ನನ್ನ ಮೊದಲ ತಪ್ಪು.

ಒಂದು ದಿನ ಸಂಘದ ಸದಸ್ಯರ ಪಟ್ಟಿಯನ್ನು ಪ್ರಿಂಟ್ ತೆಗೆಸಲು ಅದೇ ಪೆನ್‌ಡ್ರೈವನ್ನು ಪೇಟೆಯ ಜೆರಾಕ್ಸ್ ಅಂಗಡಿಗೆ ಒಯ್ದೆ. ಮನೆಗೆ ಬಂದು ಹಾಕಿ ನೋಡಿದರೆ, ಫೋಲ್ಡರುಗಳ ಚಿತ್ರದ ಮೂಲೆಯಲ್ಲೆಲ್ಲ ಒಂದೊಂದು ಸಣ್ಣ ಬಾಣದ ಗುರುತು! ‘ಲೆಕ್ಕ’ ಎಂಬುದನ್ನು ಒತ್ತಿದೆ. ಒಂದು ಕಪ್ಪು ಕಿಟಕಿ ಮಿಂಚಿ ಮಾಯವಾಯಿತು. ಮತ್ತೆ ಒತ್ತಿದೆ. ಏನೂ ತೆರೆಯಲಿಲ್ಲ. ಇದು ನನ್ನ ಎರಡನೇ ತಪ್ಪು. ಅನುಮಾನ ಬಂದ ಮೇಲೂ ಒತ್ತಬಾರದಿತ್ತು.

ಭಾನುವಾರ ಸಂಘದ ಸಭೆ. ಅಮ್ಮ ಬೈಯಲಿಲ್ಲ. “ಹದಿನಾರು ಜನ ನಂಬಿ ದುಡ್ಡು ಕಟ್ಟವ್ರೆ ಪುಟ್ಟಿ. ಲೆಕ್ಕ ಎಲ್ಲಿ ಅಂದ್ರೆ ನಾನೇನು ಹೇಳ್ಲಿ?” ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅಣ್ಣನಿಗೆ ಫೋನ್ ಮಾಡಿದೆ. “ಮೊದ್ಲು ಪೆನ್‌ಡ್ರೈವ್ ಕಿತ್ತಿಡು. ಫಾರ್ಮ್ಯಾಟ್ ಮಾತ್ರ ಮಾಡ್ಬೇಡ” ಎಂದ. ಆಮೇಲೆ ಅವನು ತಿಳಿಸಿಕೊಟ್ಟದ್ದನ್ನೇ ನಿಮಗೂ ಹೇಳುತ್ತೇನೆ.

ಕಾವಲುಗಾರ ಯಾರು?

ರಾಗಿ ಹೊಲಕ್ಕೆ ಹಂದಿ ನುಗ್ಗದ ಹಾಗೆ ಅಟ್ಟಣೆಯ ಮೇಲೆ ರಾತ್ರಿಯಿಡೀ ಎದ್ದು ಕೂರುತ್ತಾರಲ್ಲ, ಕಂಪ್ಯೂಟರಿನೊಳಗೆ ಇನ್‌ಸ್ಟಾಲ್ ಮಾಡಿದ ಆಂಟಿವೈರಸ್ಸೂ ಹಾಗೆಯೇ. ಅದು ಯಾವಾಗಲೂ ಎಚ್ಚರವಾಗಿದ್ದು, ನಾವು ತೆರೆಯುವ ಪ್ರತಿ ಕಡತವನ್ನೂ ನೋಡುತ್ತದೆ. ಗೊತ್ತಿರುವ ವೈರಸ್‌ಗಳ ಗುರುತಿನ ಪಟ್ಟಿ ಅದರ ಬಳಿ ಇರುತ್ತದೆ. ಇಂಟರ್‌ನೆಟ್ ಸಿಕ್ಕಾಗ ಆ ಪಟ್ಟಿಯನ್ನು ತಾನೇ ಹೊಸದು ಮಾಡಿಕೊಳ್ಳುತ್ತದೆ. ಪಟ್ಟಿಯಲ್ಲಿಲ್ಲದ ಪ್ರೋಗ್ರಾಂ ಕಳ್ಳನಂತೆ ನಡೆದುಕೊಂಡರೂ ತಡೆಯಲು ನೋಡುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಕಾವಲುಗಾರ ಮೊದಲಿನಿಂದಲೇ ಇರುತ್ತಾನೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಹಾಗಾದರೆ ನಮ್ಮ ಮನೆಯಲ್ಲಿ ಅವನೆಲ್ಲಿ ಹೋಗಿದ್ದ? ಕಂಪ್ಯೂಟರನ್ನು ಮೊದಲು ಬಳಸುತ್ತಿದ್ದವರು ಅದರಲ್ಲಿ ಬೇರೊಂದು ಆಂಟಿವೈರಸ್ ಹಾಕಿಸಿದ್ದರು. ಹೊರಗಿನ ಆಂಟಿವೈರಸ್ ಬಂದರೆ ಡಿಫೆಂಡರ್ ಬದಿಗೆ ಸರಿಯುತ್ತದೆ. ಇಬ್ಬರೂ ಒಂದೇ ಕಡತಕ್ಕೆ ಒಟ್ಟಿಗೆ ಕೈ ಹಾಕಿದರೆ ಜಗಳವಾಗಿ ಕಂಪ್ಯೂಟರ್ ತೆವಳತೊಡಗುತ್ತದೆ. ಆದ್ದರಿಂದಲೇ ಈ ಏರ್ಪಾಡು. ಆದರೆ ಆ ಹೊರಗಿನದರ ವಾಯಿದೆ ಎಂದೋ ಮುಗಿದು, ಹೊಸ ಪಟ್ಟಿ ಬರುವುದು ನಿಂತಿತ್ತು. ಅಂದರೆ, ಅಟ್ಟಣೆಯ ಮೇಲೆ ಇದ್ದದ್ದು ಬರೀ ಬೆದರುಬೊಂಬೆ!

ತಪಾಸಣೆಗಾರ ಯಾರು?

ಪಶುವೈದ್ಯರು ಬಂದು ಕೊಟ್ಟಿಗೆಯ ದನಗಳನ್ನೆಲ್ಲ ನೋಡಿ ಹೋಗುತ್ತಾರೆ. ರಾತ್ರಿ ಕೊಟ್ಟಿಗೆಯಲ್ಲೇ ಮಲಗುವುದಿಲ್ಲ. ಪೋರ್ಟಬಲ್ ಸ್ಕ್ಯಾನರ್ ಅಂಥದ್ದು. ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ. ಡೌನ್‌ಲೋಡ್ ಮಾಡಿ, ನಡೆಸಿ, ಕೆಲಸ ಮುಗಿದ ಮೇಲೆ ಅಳಿಸಬಹುದು. ನಮ್ಮ ಕಾವಲುಗಾರನ ಕಣ್ಣು ತಪ್ಪಿದ್ದು ಅದರ ಕಣ್ಣಿಗೆ ಬೀಳಬಹುದು. ಆದರೆ ಅದು ಹೋದ ಮರುಕ್ಷಣ ವೈರಸ್ ಬಂದರೆ ತಡೆಯುವವರಿಲ್ಲ. ಇನ್ನೊಂದು ವಿಷಯ, ಅದರ ಪಟ್ಟಿ ಬೇಗ ಹಳತಾಗುತ್ತದೆ. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಎಂಬುದು ಡೌನ್‌ಲೋಡ್ ಮಾಡಿದ 10 ದಿನಕ್ಕೆ ತನ್ನ ಕೆಲಸ ನಿಲ್ಲಿಸುತ್ತದೆ. ಬೇಕೆಂದರೆ ಹೊಸದಾಗಿ ತರಬೇಕು.

ನಾವು ಮಾಡಿದ್ದು ಹೀಗೆ

1. ವಾಯಿದೆ ಮುಗಿದ ಆಂಟಿವೈರಸ್ಸನ್ನು ಸೆಟ್ಟಿಂಗ್ಸ್‌ನಲ್ಲಿ ‘ಆಪ್ಸ್’ಗೆ ಹೋಗಿ ತೆಗೆದುಹಾಕಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದೆ. ಡಿಫೆಂಡರ್ ಎದ್ದು ಕೂತಿತು.

2. ಅಮ್ಮನ ಮೊಬೈಲಿನ ಹಾಟ್‌ಸ್ಪಾಟಿನಿಂದ ಹೊಸ ಪಟ್ಟಿ ತರಿಸಿ ‘ಫುಲ್ ಸ್ಕ್ಯಾನ್’ ಕೊಟ್ಟೆ. ಮೂರು ಗಂಟೆ ಹಿಡಿಯಿತು. ಸಿಕ್ಕಿದ ವೈರಸ್ಸನ್ನು ಅದು ‘ಕ್ವಾರಂಟೈನ್’ ಮಾಡಿತು. ಈ ಪದ ನಮಗೆ ಹೊಸದಲ್ಲ. 2020ರಲ್ಲಿ ಕೊರೊನಾ ಬಂದಾಗ ಹೊರಗಿನಿಂದ ಬಂದವರನ್ನು ಬೇರೆಯಾಗಿ ಇರಿಸುತ್ತಿದ್ದರಲ್ಲ, ಅದೇ. ತಪ್ಪಾಗಿ ಹಿಡಿದಿದ್ದರೆ ಬಿಡಿಸಿಕೊಳ್ಳಲು ಅವಕಾಶವಿರುತ್ತದೆ. ಅದಕ್ಕೇ ತಕ್ಷಣ ಅಳಿಸುವುದಿಲ್ಲ.

3. ಆಮೇಲೆ ಎರಡನೇ ಅಭಿಪ್ರಾಯಕ್ಕೆ ಸೇಫ್ಟಿ ಸ್ಕ್ಯಾನರನ್ನು ಮೈಕ್ರೋಸಾಫ್ಟಿನ ಸ್ವಂತ ಜಾಲತಾಣದಿಂದಲೇ ತಂದು ನಡೆಸಿದೆ. ನಡುವೆ ‘ಸೋಂಕು 7’ ಎಂದು ತೋರಿಸಿತು. ಎದೆ ಧಸಕ್ಕೆಂದಿತು. ಕೊನೆಗೆ ‘ಏನೂ ಇಲ್ಲ’ ಎಂದಿತು. ನಡುವೆ ಕಾಣುವುದು ಅನುಮಾನದ ಲೆಕ್ಕ. ಕೊನೆಯ ವರದಿಯೇ ಮುಖ್ಯ.

4. ಈಗ ಪೆನ್‌ಡ್ರೈವ್ ಹಾಕಿ, ಏನನ್ನೂ ತೆರೆಯದೆ ಅದೊಂದನ್ನೇ ಸ್ಕ್ಯಾನ್ ಮಾಡಿದೆ. ಬಾಣದ ಗುರುತಿನ ಕಳ್ಳ ಫೋಲ್ಡರುಗಳು ಹೋದವು. ಪೆನ್‌ಡ್ರೈವ್ ಖಾಲಿ ಕಂಡಿತು! ಆದರೆ ‘ಪ್ರಾಪರ್ಟೀಸ್’ನಲ್ಲಿ ನೋಡಿದರೆ ತುಂಬಿದ ಜಾಗ ಹಾಗೇ ಇತ್ತು. ಅಂದರೆ ಕಡತಗಳು ಹೋಗಿರಲಿಲ್ಲ. ವೈರಸ್ ಅವನ್ನು ಬಚ್ಚಿಟ್ಟಿತ್ತು.

5. ಫೋಲ್ಡರ್ ಆಪ್ಷನ್ಸ್‌ನ ‘ವ್ಯೂ’ನಲ್ಲಿ ಬಚ್ಚಿಟ್ಟ ಕಡತಗಳನ್ನೂ, ಸಿಸ್ಟಮ್ ಕಡತಗಳನ್ನೂ ತೋರಿಸುವಂತೆ ಬದಲಿಸಿದೆ. ಮಂಕಾದ ಬಣ್ಣದಲ್ಲಿ ‘ಲೆಕ್ಕ’ ಕಾಣಿಸಿತು! ಒಳಗಿನ ಕಡತಗಳನ್ನು ಕಂಪ್ಯೂಟರಿನ ಹೊಸ ಫೋಲ್ಡರಿಗೆ ಕಾಪಿ ಮಾಡಿದೆ. ಎಲ್ಲವೂ ತೆರೆಯಿತು. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿದ್ದು ಇಷ್ಟೆಲ್ಲ ಆದ ಮೇಲೆ. ಬದಲಿಸಿದ್ದನ್ನು ಮೊದಲಿನಂತೆಯೇ ಇಟ್ಟೆ.

ನೆನಪಿಡಿ

ಕಾವಲುಗಾರ ಒಬ್ಬನೇ ಇರಲಿ, ಆದರೆ ಎಚ್ಚರವಾಗಿರಲಿ. ತಪಾಸಣೆಗಾರನನ್ನು ಅನುಮಾನ ಬಂದಾಗ ಕರೆಯಿರಿ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಇಲ್ಲಿ ಒತ್ತಿ’ ಎಂದು ಇಂಟರ್‌ನೆಟ್ಟಿನಲ್ಲಿ ತಾನಾಗಿ ಬರುವ ಜಾಹೀರಾತನ್ನು ಒತ್ತಬೇಡಿ. ಎಷ್ಟೋ ಸಲ ವೈರಸ್ ಬರುವುದೇ ಆ ದಾರಿಯಲ್ಲಿ. ವೈರಸ್ ಬಿಡದೆ ಕಾಡಿದರೆ, ಡಿಫೆಂಡರಿನಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಇದೆ. ಅದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿಸಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ನಮ್ಮ ಲೆಕ್ಕ ಉಳಿದದ್ದು ಸ್ಕ್ಯಾನರಿನಿಂದಲ್ಲ, ಅದೃಷ್ಟದಿಂದ. ಮೇ 12, 2017ರಂದು ಹರಡಿದ ವಾನಾಕ್ರೈ ಕಡತಗಳಿಗೆ ಬೀಗ ಜಡಿದು ದುಡ್ಡು ಕೇಳುತ್ತಿತ್ತು. ಅಂಥದ್ದು ಬಂದಿದ್ದರೆ? ಸ್ಕ್ಯಾನರ್ ಕಳ್ಳನನ್ನು ಹಿಡಿಯುತ್ತದೆ. ಕಳುವಾದ ಮಾಲು ತಂದುಕೊಡುವುದು ಅದರ ಕೆಲಸವಲ್ಲ. ಬೇಕಾದ ಕಡತದ ಇನ್ನೊಂದು ಪ್ರತಿ ಬೇರೆ ಜಾಗದಲ್ಲಿ ಇರಲೇಬೇಕು.

ಭಾನುವಾರದ ಸಭೆಯಲ್ಲಿ ಅಮ್ಮ ಲೆಕ್ಕ ಓದಿದರು. ಮನೆಗೆ ಬಂದವರೇ ಒಂದು ಹೊಸ ನೋಟ್‌ಬುಕ್ ನನ್ನ ಮುಂದೆ ಇಟ್ಟು, “ಇದ್ರಲ್ಲೂ ಬರಿ. ಇದಕ್ಕೆ ವೈರಸ್ ಬರಲ್ಲ” ಎಂದರು. ಈಗ ಸಂಘದ ಲೆಕ್ಕ ಮೂರು ಕಡೆ ಇದೆ: ಕಂಪ್ಯೂಟರಿನಲ್ಲಿ, ಪೆನ್‌ಡ್ರೈವಿನಲ್ಲಿ, ಅಮ್ಮನ ಟ್ರಂಕಿನಲ್ಲಿ.

ನಿಮಗಿದು ಗೊತ್ತೇ?

★ 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ‘ಬ್ರೇನ್’ ವೈರಸ್ ಫ್ಲಾಪಿಗಳ ಮೂಲಕ ಹರಡಿತು. ಅದರೊಳಗೆ ಅವರದೇ ಹೆಸರು, ವಿಳಾಸ, ಫೋನ್ ನಂಬರ್ ಇದ್ದವು!

★ ಕಾವಲುಗಾರ ಎಚ್ಚರವಾಗಿದ್ದಾನೋ ಇಲ್ಲವೋ ನೋಡಲು ‘ಐಕಾರ್’ ಎಂಬ 68 ಅಕ್ಷರಗಳ ಪರೀಕ್ಷಾ ಕಡತವಿದೆ. ಅದು ವೈರಸ್ ಅಲ್ಲ, ಏನೂ ಹಾನಿ ಮಾಡದು. ಆದರೂ ಆಂಟಿವೈರಸ್ ಅದನ್ನು ಕಂಡು ಕೂಗಿಕೊಳ್ಳಬೇಕು. ಕೂಗದಿದ್ದರೆ ನಿಮ್ಮ ಮನೆಯಲ್ಲೂ ಬೆದರುಬೊಂಬೆಯೇ!

ಸಂಶಯವಿದ್ದವರು ಊಟದ ಬಿಡುವಿನಲ್ಲಿ ನನ್ನನ್ನು ಕೇಳಿ. ಪೆನ್‌ಡ್ರೈವ್ ಮಾತ್ರ ಸ್ಕ್ಯಾನ್ ಮಾಡಿಸಿಕೊಂಡೇ ತನ್ನಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ